ಹಾಲು ಸಿಗದ ಹನ್ನೆರಡು ಮಂದಿ

ಗಣಿತ ಯಾರಿಗೆ ಹತ್ತುತ್ತದೆ, ಯಾರಿಗೆ ಹತ್ತುವುದಿಲ್ಲ ಎಂದು ತಿಳಿಯಲು ನಮ್ಮ ಭಾಷ್ಯಂ ಮೇಷ್ಟರಿಗೆ ಒಂದೇ ಪ್ರಶ್ನೆ ಸಾಕಾಗಿತ್ತು. ಹೈಸ್ಕೂಲಿನ ಮೊದಲ ದಿನ ತರಗತಿಗೆ ಬಂದು, ರುಮಾಲು ಸರಿಮಾಡಿಕೊಂಡು, ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು: "ನಿಮ್ಮಪ್ಪ ಏನ್ ಮಾಡ್ತಾರೆ?" ಗುಮಾಸ್ತ, ಶಾನುಭೋಗ, ಮೇಷ್ಟರು, ದೇವಸ್ಥಾನದಲ್ಲಿ ಕೆಲಸ ಎಂದವರು ಕರಿಹಲಗೆಯ ಎದುರಿನ ಬೆಂಚಿಗೆ. ತೆಂಗಿನಕಾಯಿ, ಎಲೆ ಅಡಿಕೆ, ಗಾಡಿ, ಎಮ್ಮೆ ಎಂದವರು ಕಿಟಕಿ ಪಕ್ಕದ ಬೆಂಚಿಗೆ. ನಾನು "ದರ್ಜಿ, ಸಾರ್" ಎಂದೆ. ಮೇಷ್ಟರು ಕಿಟಕಿ ತೋರಿಸಿದರು. ಅವತ್ತು ಅವರು ತೊಟ್ಟಿದ್ದ ಕೋಟು ಹೊಲಿದವರು ನಮ್ಮಪ್ಪನೇ. ಅದರ ತೋಳಿನ ಅಳತೆ ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಮೇಷ್ಟರು ಕೆಟ್ಟವರೇನಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. "ಗಣಿತ ಎಲ್ಲರಿಗೂ ಅಲ್ಲಮ್ಮಾ, ಬೇಜಾರು ಮಾಡ್ಕೋಬೇಡ. ಹೊರಗೆ ನೋಡ್ಕೊಂಡು ಕೂತ್ಕೋ, ಗಲಾಟೆ ಮಾಡ್ಬೇಡ" ಎಂದು ತುಂಬ ಮರ್ಯಾದೆಯಿಂದಲೇ ನಮ್ಮನ್ನು ಕೈಬಿಟ್ಟರು. ನಾವೂ ಗಲಾಟೆ ಮಾಡಲಿಲ್ಲ. ಮೂರು ವರ್ಷ ಬೀದಿ ನೋಡಿದೆವು. ಹಳೇಬೀಡಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಅರಸೀಕೆರೆ ಬಸ್ಸು ಎಷ್ಟು ತಡ ಎಂಬ ವಿಷಯದಲ್ಲಿ ಪರೀಕ್ಷೆ ಇಟ್ಟಿದ್ದರೆ ನಮ್ಮ ಬೆಂಚಿಗೆ ಬೆಂಚೇ ಫಸ್ಟ್ ಕ್ಲಾಸ್. ಇಟ್ಟದ್ದು ಬೀಜಗಣಿತದಲ್ಲಿ. ನಾನು ಎಸ್ಸೆಸ್ಸೆಲ್ಸಿಗೆ ಮೂರು ಸಲ ಕಟ್ಟಿದೆ. ಗಣಿತದಲ್ಲಿ ಹನ್ನೊಂದು, ಹದಿನಾಲ್ಕು, ಒಂಬತ್ತು ಬಂತು. ಮೂರನೆಯದನ್ನು ನೋಡಿ ಅಪ್ಪ, "ಸಾಕು ಬಿಡವ್ವ ಅನುಸೂಯ, ಇನ್ನೊಂದ್ಸಲ ಕಟ್ಟಿದ್ರೆ ಅವ್ರೇ ನಮ್ಮತ್ರ ಮಾರ್ಕು ವಾಪಸ್ ಕೇಳ್ತಾರೆ" ಎಂದರು.

ಐವತ್ತೆಂಟರಲ್ಲಿ ಬೇಲೂರಿನ ನಮ್ಮ ಬೀದಿಯ ಹೆಂಗಸರು ಒಂದು ಸಮಾಜ ಕಟ್ಟಿಕೊಂಡು ಶಿಶುವಿಹಾರ ತೆರೆದರು. ಅಧ್ಯಕ್ಷೆ ಗುರುಸಿದ್ದಮ್ಮನವರು, ಜಾವಗಲ್ ಕಡೆಯವರು, ತೆಂಗಿನ ತೋಟದವರು, ಗಂಡ ಕೊಬ್ಬರಿ ವ್ಯಾಪಾರಿ. ಮೂರು ನಾಲ್ಕು ವರ್ಷದ ಮಕ್ಕಳ ಮೂಗು ಒರೆಸುವ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವರು ಯಾರೂ ಬರಲಿಲ್ಲ. ಹಾಗಾಗಿ ಫೇಲಾದ ನಾನು ಟೀಚರಾದೆ. ಆ ಕೆಲಸ ನನಗೆ ಇಷ್ಟವಾಗಿತ್ತು. ಇಷ್ಟವೆಂದರೆ, ಭಾನುವಾರ ಬಂದರೆ ಬೇಜಾರಾಗುವಷ್ಟು.

ಜಾಗ ಒಂದು ಹಳೆಯ ಛತ್ರದ ಹಜಾರ. ನೆಲಕ್ಕೆ ಚೌಕದ ಕಲ್ಲು ಚಪ್ಪಡಿ, ಸಾಲಿಗೆ ಐದರಂತೆ ಐದು ಸಾಲು. ನಮ್ಮೂರಲ್ಲಿ ಎಡವಿದ ಕಲ್ಲನ್ನೆಲ್ಲ ಹೊಯ್ಸಳರದು ಎನ್ನುವ ಚಟವುಂಟು. ಇವು ಹಾಗಲ್ಲ, ಯಾವನೋ ಕಂಟ್ರಾಕ್ಟರ್ ಹಾಕಿಸಿದವು. ಹಾಲು ಕುಡಿಯುವ ಹೊತ್ತಿಗೆ ಒಂದು ಚಪ್ಪಡಿಗೆ ಒಂದು ಮಗು ಎಂಬುದು ನನ್ನ ಕಾನೂನು. ಇಲ್ಲದಿದ್ದರೆ ಒಬ್ಬರ ಹಾಲು ಇನ್ನೊಬ್ಬರ ತಲೆಯ ಮೇಲಿರುತ್ತಿತ್ತು. ಹಾಲೆಂದರೆ ಸರ್ಕಾರ ಕಳಿಸುತ್ತಿದ್ದ ಪರದೇಶದ ಪುಡಿ. ಆಯಾ ಗಿಡ್ಡಮ್ಮ ಅದನ್ನು ನೀರಿನಲ್ಲಿ ಕದಡಿ, ಬೆಲ್ಲ ಹಾಕಿ ಕಾಯಿಸುತ್ತಿದ್ದಳು. ಮಕ್ಕಳು ಇಪ್ಪತ್ತನಾಲ್ಕು. ಒಂದು ಚಪ್ಪಡಿ ಯಾವಾಗಲೂ ಖಾಲಿ.

ಮರುವರ್ಷ ಭಾಷ್ಯಂ ಮೇಷ್ಟರು ನಿವೃತ್ತರಾದರು. ಇಡೀ ದಿನ ಅವರನ್ನು ಮನೆಯಲ್ಲಿ ಇಟ್ಟುಕೊಳ್ಳಲಾರದೆ ಅವರ ಹೆಂಡತಿ ಗುರುಸಿದ್ದಮ್ಮನವರಿಗೆ ದುಂಬಾಲು ಬಿದ್ದು, ಶಿಶುವಿಹಾರದ ಸಲಹೆಗಾರರನ್ನಾಗಿ ಮಾಡಿಸಿದರಂತೆ. ಇದು ಗಿಡ್ಡಮ್ಮ ತಂದ ಸುದ್ದಿ. ಒಂದು ಮಂಗಳವಾರ ಮೇಷ್ಟರು ಅಧ್ಯಕ್ಷೆಯ ಜೊತೆ ಬಂದೇ ಬಂದರು. ಕೈಯಲ್ಲಿ ಕೊಡೆ, ಕೊಡೆಯ ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳು ಕೋಮಲವಲ್ಲಿ. ಮಗುವಿನ ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರ, ಅಮ್ಮ ಎರಡನೇ ಹೆರಿಗೆಗೆ ತವರಿಗೆ ಹೋಗಿದ್ದಳು. ಹೀಗಾಗಿ ಮಗು ತಾತನ ವಶವಾಗಿತ್ತು.

"ಕೋಮಲಾ, ಎ ಪ್ಲಸ್ ಬಿ ಹೋಲ್ ಸ್ಕ್ವೇರ್?" ಎಂದರು ಮೇಷ್ಟರು.

ಮಗು ಕೈಕಟ್ಟಿ ನಿಂತು, ಸೂರಿನ ಕಡೆ ನೋಡುತ್ತ, "ಎ ಸ್ಕ್ವೇರ್ ಪ್ಲಸ್ ಟೂ ಎಬಿ ಪ್ಲಸ್ ಬಿ ಸ್ಕ್ವೇರ್" ಎಂದು ಒಂದೇ ಉಸಿರಿಗೆ ಒಪ್ಪಿಸಿತು.

ಗುರುಸಿದ್ದಮ್ಮ ಬಾಯಿ ಬಿಟ್ಟರು. ಮೇಷ್ಟರು ಹಿಗ್ಗಿ ಹೀರೇಕಾಯಿಯಾದರು. "ಇದು ಕಲಿಸಿದ್ದಲ್ಲ ಕಣ್ರೀ, ರಕ್ತ. ಇದ್ದೋರಿಗೆ ಹುಟ್ತಾ ಬರುತ್ತೆ, ಇಲ್ದೋರಿಗೆ ಸಾಯೋವರೆಗೂ ಬರಲ್ಲ." ದಿನಾ ಬೆಳಿಗ್ಗೆ ಒಂದು ಬಾದಾಮಿ ತೋರಿಸಿ ಮೂರು ತಿಂಗಳು ಉರು ಹೊಡೆಸಿದ ರಕ್ತ ಅದು ಎಂದು ಆಮೇಲೆ ಮಗುವೇ ನನಗೆ ಹೇಳಿತು.

ಆಗ ಮೇಷ್ಟರ ಕಣ್ಣು ನನ್ನ ಮೇಲೆ ಬಿತ್ತು. "ನೀನು ದರ್ಜಿ ಮಗಳಲ್ವೇ? ಎಲ್ಲಿ, ನೀನು ಹೇಳು."

ಮೂರು ಪರೀಕ್ಷೆಯಲ್ಲೂ ಬರೆದಿದ್ದ ಉತ್ತರವನ್ನೇ ಹೇಳಿದೆ. "ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್, ಸಾರ್."

"ನೋಡಿದ್ರಾ?" ಎಂದರು ಮೇಷ್ಟರು ಅಧ್ಯಕ್ಷೆಗೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂತೋಷವಿತ್ತು. "ನಾಕು ವರ್ಷದ ಮಗೂಗೆ ಬರೋದು ಟೀಚರಮ್ಮಂಗೆ ಬರಲ್ಲ. ಇಂಥೋರ ಕೈಗೆ ಎಳೇ ಮಕ್ಕಳನ್ನ ಕೊಡೋದೇ? ಪಾಸಾದ ಯಾರನ್ನಾದ್ರೂ ನೋಡಿ."

ಗುರುಸಿದ್ದಮ್ಮ ನನ್ನನ್ನೂ ನೋಡಿದರು, ಮಕ್ಕಳನ್ನೂ ನೋಡಿದರು. "ಒಂದೇ ಏಟಿಗೆ ಹಂಗಂದ್ರೆ ಹೆಂಗೆ ಮೇಷ್ಟ್ರೇ? ಶನಿವಾರ ಕಮಿಟಿ ಐತೆ. ಅವತ್ತು ಇದೇ ಪ್ರಶ್ನೆ ಕೇಳಿ. ಹೇಳಿದ್ರೆ ಇರ್ತಾಳೆ, ಹೇಳ್ದಿದ್ರೆ ಬ್ಯಾರೆಯೋರ್ನ ನೋಡಾನ."

"ಬಾಯಿಪಾಠ ಮಾಡ್ಕೊಂಡು ಬರೋದು ನಡೆಯಲ್ಲ" ಎಂದರು ಮೇಷ್ಟರು, ಬಾಯಿಪಾಠದ ಮೊಮ್ಮಗಳ ತಲೆ ಸವರುತ್ತ. "ಆ ಟೂ ಎಬಿ ಎಲ್ಲಿಂದ ಬಂತು ಅಂತ ಎಲ್ರಿಗೂ ತಿಳಿಯೋ ಹಾಗೆ ಹೇಳ್ಬೇಕು." ಹೊರಡುವಾಗ ಕೋಮಲಳನ್ನು ಬಿಟ್ಟುಹೋದರು. "ಇಲ್ಲೇ ಇರಲಿ. ಇವಳನ್ನ ನೋಡಿ ಉಳಿದವು ಕಲೀಲಿ."

ಅವರು ಅತ್ತ ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ ಅತ್ತೆ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ಉರಿದದ್ದು ಬೇರೆ. ಇಪ್ಪತ್ತಮೂರು ವರ್ಷದವಳಾಗಿ, ಇಪ್ಪತ್ತನಾಲ್ಕು ಮಕ್ಕಳು ನೋಡುತ್ತಿದ್ದಂತೆಯೇ, ನನ್ನನ್ನು ಮತ್ತೆ ಕಿಟಕಿ ಬೆಂಚಿಗೆ ಕಳಿಸಿದ್ದರು.

ಇನ್ನು ಕೋಮಲಳ ವಿಷಯ. ಉಳಿದವು ಇವಳನ್ನು ನೋಡಿ ಏನನ್ನೂ ಕಲಿಯಲಿಲ್ಲ. ಮೊದಲ ದಿನ, "ಮೂರು ಲೋಟ ತಾ ಪುಟ್ಟಿ" ಎಂದೆ. ಒಂದು ತಂದಳು. "ಮೂರು" ಎಂದೆ. ಅಷ್ಟೂ ಲೋಟಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದಳು. ಮೂರರ ಮಗ್ಗಿ ಹೇಳೆಂದರೆ ಗಡಗಡನೆ ಹೇಳುತ್ತಿದ್ದಳು. ಮೂರು ಎಂದರೆ ಎಷ್ಟು ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಗಿಡ್ಡಮ್ಮ ತನ್ನ ಜನ್ಮದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಮಗುವಿನ ಕೈ ಹಿಡಿದು, "ಇದು ನಿಂಗೆ, ಇದು ನಂಗೆ, ಇದು ಟೀಚರಮ್ಮಂಗೆ. ಆಯ್ತಾ? ಇದೇ ಮೂರು" ಎಂದು ಅರ್ಧ ದಿನದಲ್ಲಿ ಮುಗಿಸಿದಳು.

ಬುಧವಾರ ನಾನು ಹಳೆಯ ಪುಸ್ತಕ ತೆಗೆದು ಕೂತೆ. ಅಕ್ಷರಗಳು ಎಂದಿನಂತೆ ನನ್ನನ್ನು ನೋಡಿ ಸುಮ್ಮನಿದ್ದವು. ಸಿಟ್ಟು ಬಂದು ಎ ಎಂದರೆ ಮೂರು, ಬಿ ಎಂದರೆ ಎರಡು ಎಂದು ಬರೆದೆ. ಮೂರು ಎರಡು ಸೇರಿ ಐದು, ಐದೈದಲ ಇಪ್ಪತ್ತೈದು. ನನ್ನ ಉತ್ತರದಂತೆ ಮೂರ್ಮೂರಲ ಒಂಬತ್ತು, ಎರಡೆರಡಲ ನಾಲ್ಕು, ಒಟ್ಟು ಹದಿಮೂರು. ಹನ್ನೆರಡು ಕಾಣೆಯಾಗಿತ್ತು. ತಪ್ಪು ಎಂದು ಮೂರು ಸಲ ಫೇಲಾದಾಗಲೇ ಗೊತ್ತಿತ್ತು. ಆ ಹನ್ನೆರಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಮಾತ್ರ ನನಗೆ ಬಂದದ್ದು ಅಂದೇ ಮೊದಲು.

ಮಾರನೆಯ ದಿನ ಹಾಲಿನ ಹೊತ್ತಿಗೆ ಚಪ್ಪಡಿಯ ಮೇಲೆ ಮಕ್ಕಳನ್ನು ಕೂರಿಸುವಾಗ ತಲೆಯಲ್ಲಿ ಏನೋ ಚುರುಕ್ ಎಂದಿತು. ಕೋಮಲ ಬಂದಮೇಲೆ ಮಕ್ಕಳು ಇಪ್ಪತ್ತೈದು, ಚಪ್ಪಡಿ ಇಪ್ಪತ್ತೈದು. ನನ್ನ ತಪ್ಪು ಉತ್ತರದ ಪ್ರಕಾರವೇ ಹಾಲು ಕೊಟ್ಟು ನೋಡಿಯೇ ಬಿಡೋಣ ಎನಿಸಿತು.

"ಕೋಮಲಾ, ಬಾಗಿಲ ಹತ್ರದ ಮೂಲೆಯಿಂದ ಶುರು ಮಾಡು. ಸಾಲಿಗೆ ಮೂರು ಲೋಟ, ಹೀಗೆ ಮೂರು ಸಾಲು ಇಡು."

ಅವಳು ತನ್ನ ಚಪ್ಪಡಿಯಲ್ಲೇ ಮೊದಲ ಲೋಟ ಇಟ್ಟು, ನಾಲಿಗೆ ಕಚ್ಚಿಕೊಂಡು, ಒಂಬತ್ತನ್ನೂ ಇಟ್ಟಳು.

"ಈಗ ಆ ಎದುರು ಮೂಲೆಗೆ ಹೋಗು. ಸಾಲಿಗೆ ಎರಡು, ಎರಡು ಸಾಲು."

ನಾಲ್ಕು ಇಟ್ಟಳು. "ಆಯ್ತು, ಹಾಲು ಮುಗೀತು" ಎಂದೆ.

ಹಜಾರ ಹಾರಿಹೋಗುವಂತೆ ಕಿರುಚಾಟ ಎದ್ದಿತು. "ನಂಗೆ? ಟೀಚರ್, ನಂಗೆ?" ಗಿಡ್ಡಮ್ಮ ಸೌಟು ಹಿಡಿದು ಓಡಿಬಂದಳು. "ಏನ್ ಟೀಚರಮ್ಮ, ತಲೆ ನೆಟ್ಟಗೈತಾ? ಹನ್ನೆರಡು ಮಕ್ಳನ್ನ ಮರ್ತೇಬಿಟ್ರಲ್ಲ!"

ನೋಡಿದೆ. ಕಿಟಕಿ ಕಡೆ ಆರು ಮಕ್ಕಳು, ಗೋಡೆ ಕಡೆ ಆರು. ಎರಡೂ ಕಡೆ ಮೂರೆರಡಲ ಆರು. ಟೂ ಎಬಿ ಅಲ್ಲಿ ಲಂಗ ಚಡ್ಡಿ ಹಾಕಿಕೊಂಡು, ಮೂಗು ಸೋರಿಸುತ್ತ, ಹಾಲಿಗಾಗಿ ಅಳುತ್ತ ಕೂತಿತ್ತು. ಇಷ್ಟು ವರ್ಷ ನಾನು ಬಿಟ್ಟಿದ್ದು ಇವರನ್ನೇ. ನನಗೆ ನಗು, ಅಳು ಒಟ್ಟಿಗೇ ಬಂತು. ಹನ್ನೆರಡು ಮಕ್ಕಳಿಗೂ ಹಾಲು ಕೊಟ್ಟು, ಮೇಲೆ ಒಂದೊಂದು ಚೂರು ಬೆಲ್ಲ ಕೊಟ್ಟೆ.

ಶನಿವಾರ ಕಮಿಟಿ ಹಜಾರದಲ್ಲೇ ಸೇರಿತು. ಸಮಾಜದ ಹೆಂಗಸರು ಗೋಡೆ ಪಕ್ಕದ ಜಗಲಿಯ ಮೇಲೆ ಕೂತರು. ಜ್ವರವೆಂದು ಒಂದು ಮಗು ಬಂದಿರಲಿಲ್ಲ. ಕಿಟಕಿ ಪಕ್ಕದ ಆ ಖಾಲಿ ಚಪ್ಪಡಿಯ ಮೇಲೆ ಗಿಡ್ಡಮ್ಮ ಮೇಷ್ಟರ ಕುರ್ಚಿ ಹಾಕಿದಳು. ಗಾಳಿ ಬರುತ್ತದೆ ಎಂದು ಅವರೂ ಖುಷಿಯಾಗಿ ಕೂತರು.

"ಹೂಂ, ಹೇಳಮ್ಮಾ. ಟೂ ಎಬಿ ಎಲ್ಲಿಂದ ಬಂತು?"

ನಾನು ಕೋಮಲಳ ಕೈಗೆ ಲೋಟ ಕೊಟ್ಟೆ. ಅವಳು ಬಾಗಿಲ ಮೂಲೆಗೆ ಒಂಬತ್ತು, ಎದುರು ಮೂಲೆಗೆ ನಾಲ್ಕು ಇಟ್ಟಳು. "ಇದು ಮೂರರ ಸ್ಕ್ವೇರ್, ಅದು ಎರಡರ ಸ್ಕ್ವೇರ್. ನನ್ನ ಉತ್ತರ ಇಷ್ಟೇ, ಸಾರ್" ಎಂದೆ. ಉಳಿದ ಮಕ್ಕಳು ಗುರುವಾರದ್ದನ್ನು ಮರೆತಿರಲಿಲ್ಲ. ಮತ್ತೆ ಅದೇ ಕಿರುಚಾಟ.

"ಏನಿದು? ಇದು ಗಣಿತ ಅಲ್ಲ, ಹಾಲು ಹಂಚೋದು!" ಎಂದು ಮೇಷ್ಟರು ಕಿರುಚಾಟದ ಮೇಲೆ ಕಿರುಚಿದರು.

ಗುರುಸಿದ್ದಮ್ಮ ಎದ್ದು ನಿಂತಿದ್ದರು. "ತಡೀರಿ ಮೇಷ್ಟ್ರೇ, ತಡೀರಿ. ತೋಟದಲ್ಲಿ ಸಸಿ ನೆಟ್ಟಂಗೇ ಐತೆ. ಈ ಮೂಲೇಲಿ ನೆಟ್ಟು, ಆ ಮೂಲೇಲಿ ನೆಟ್ಟು, ಎರಡು ಪಟ್ಟಿ ಬೀಳು ಬಿಟ್ಟಂಗಾಯ್ತು. ಆ ಎರಡು ಪಟ್ಟೀನೇ ಏನು, ನಿಮ್ಮ ಟೂ?"

ಮೇಷ್ಟರು ಮಾನ ಉಳಿಸಲು ಮೊಮ್ಮಗಳನ್ನು ಕರೆದರು. "ಕೋಮಲಾ, ಸರಿಯಾಗಿ ಹೇಳು ಕಂದಾ ಇವರಿಗೆ."

ಕೋಮಲ ಕೈಕಟ್ಟಿ, ಸೂರು ನೋಡಿ ಶುರುಮಾಡಿದಳು. "ಎ ಸ್ಕ್ವೇರ್ ಪ್ಲಸ್ ಟೂ ಎಬಿ..." ಅಲ್ಲಿಗೆ ನಿಂತಳು. ಸೂರಿನಿಂದ ಕಣ್ಣು ಕೆಳಗಿಳಿಸಿ ಅಳುವ ಮಕ್ಕಳನ್ನು ನೋಡಿದಳು. ಗಿಡ್ಡಮ್ಮ ಕಲಿಸಿದ್ದಂತೆ ಒಬ್ಬೊಬ್ಬರ ತಲೆ ಮುಟ್ಟುತ್ತ ಎಣಿಸತೊಡಗಿದಳು. ಗೋಡೆ ಕಡೆ ಆರು. ಕಿಟಕಿ ಕಡೆ ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು. ಕೊನೆಗೆ ಕುರ್ಚಿಯ ಹತ್ತಿರ ಬಂದು ತಾತನ ಮೊಣಕಾಲು ಮುಟ್ಟಿದಳು.

"ಹನ್ನೆರಡು. ತಾತಾ, ನಿಂಗೂ ಹಾಲಿಲ್ಲ."

ಯಾರೂ ನಗಲಿಲ್ಲ. ನಗಬೇಕೆಂದು ನಾಲ್ಕು ದಿನದಿಂದ ಕಾದಿದ್ದ ನನಗೂ ನಗು ಬರಲಿಲ್ಲ. ಗಿಡ್ಡಮ್ಮ ಉಳಿದ ಹನ್ನೊಂದು ಮಕ್ಕಳಿಗೆ ಲೋಟ ಇಡುತ್ತ ಬಂದಳು. ಗುರುಸಿದ್ದಮ್ಮ, "ಟೀಚರಮ್ಮ ಇಲ್ಲೇ ಇರ್ತಾಳೆ, ಬರ್ಕೊಳ್ರೇ" ಎಂದು ಕಾರ್ಯದರ್ಶಿಗೆ ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಮುಂದಿನ ಮಾರ್ಚಿನಲ್ಲಿ ನಾನು ಮತ್ತೆ ಪರೀಕ್ಷೆ ಕಟ್ಟಿ ಗಣಿತದಲ್ಲಿ ಮೂವತ್ತೆಂಟು ತೆಗೆದು ಪಾಸಾದೆ. ಅಪ್ಪ ಅದನ್ನು ಮೂರು ದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದರು.

ಆ ಶನಿವಾರ ಎಲ್ಲರೂ ಹೋದ ಮೇಲೂ ಮೇಷ್ಟರು ಕಿಟಕಿಯ ಪಕ್ಕದಲ್ಲೇ ಕೂತಿದ್ದರು. ಹೊರಗೆ ಅರಸೀಕೆರೆ ಬಸ್ಸು ಬಂದು ನಿಂತಿತ್ತು, ಎಂದಿನಂತೆ ತಡವಾಗಿ. ನಾನು ಒಂದು ಲೋಟ ಹಾಲು ಒಯ್ದು ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಬಸ್ಸನ್ನೇ ನೋಡುತ್ತಿದ್ದರು.

"ನಿನ್ನ ವರ್ಷ ಕಿಟಕಿ ಬೆಂಚಲ್ಲಿ ಎಷ್ಟು ಜನ ಇದ್ರಮ್ಮಾ?" ಎಂದು ಕೇಳಿದರು.

"ಹದಿನಾಲ್ಕು, ಸಾರ್."

"ಎಲ್ಲಾ ವರ್ಷವೂ ಹೆಚ್ಚುಕಮ್ಮಿ ಅಷ್ಟೇ ಇರ್ತಿದ್ರು" ಎಂದರು. "ನಾನು ಪಾಠ ಮಾಡಿದ್ದು ಮೂವತ್ತೊಂದು ವರ್ಷ." ತುಟಿ ಅಲ್ಲಾಡಿತು. ಯಾವ ಗುಣಾಕಾರ ಕೊಟ್ಟರೂ ನಾವು ಬಳಪ ಹುಡುಕುವುದರೊಳಗೆ ಬಾಯಲ್ಲೇ ಉತ್ತರ ಹೇಳುತ್ತಿದ್ದ ಮನುಷ್ಯ. ಅವತ್ತು ಎಷ್ಟು ಹೊತ್ತಾದರೂ ಹೇಳಲಿಲ್ಲ.

ನನಗೆ ಉತ್ತರ ಸಿಕ್ಕಿತ್ತು. ನಾನೂರ ಮೂವತ್ತನಾಲ್ಕು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡು, "ಹಾಲು ಆರುತ್ತೆ ಸಾರ್, ಕುಡೀರಿ" ಎಂದೆ.