ಹಸಿರು ನಿಲ್ಲುವವರೆಗೆ

ನಾನು ಒಂದು ಪ್ಲಾಸ್ಟಿಕ್ ನಳಿಕೆ. ಬಳಪದಷ್ಟೂ ದಪ್ಪವಿಲ್ಲ. ಕಾರ್ಖಾನೆಯ ಬಿಸಿಯಲ್ಲಿ ಹುಟ್ಟಿ ಗಾಳಿಯಾಡದ ಪ್ಯಾಕೆಟ್ ಸೇರಿದವನು. ಒಮ್ಮೆ ಬಳಸಿ ಎಸೆಯಬೇಕೆಂಬ ಹಣೆಬರಹವನ್ನು ಪ್ಯಾಕೆಟ್ಟಿನ ಮೇಲೆಯೇ ಅಚ್ಚು ಹಾಕಿದ್ದರು. ಇಂಥವನಿಗೂ ಒಂದು ಆತ್ಮಕಥೆಯೇ ಎಂದು ನಗಬೇಡಿ.

ಶಿವಲೀಲಾಳ ಕೂಸು ಹುಟ್ಟಿದ ಮರುದಿನವೇ ಹಸಿರು ಕಾರತೊಡಗಿತ್ತು. ನರ್ಸ್ ಫಿಲೋಮಿನಾ ನನ್ನನ್ನು ಅದರ ಮೂಗಿನಿಂದ ಹೊಟ್ಟೆಗೆ ಇಳಿಸಿದರು. ದೇವರೇ, ಅಲ್ಲಿ ಬರೀ ಪಿತ್ತ! ಒಂದೇ ಸಮನೆ ಹೊರಗಿನ ಚೀಲಕ್ಕೆ ಸಾಗಿಸಿದೆ.

“ಸಣ್ಣಕರುಳು ನಡುವ ತುಂಡಾಗೇ ಹುಟ್ಟೈತಿ. ಕೊಯ್ದು ಜೋಡಿಸದಿದ್ರ ಕೂಸು ಉಳಿಯೂದಿಲ್ಲ,” ಎಂದರು ಡಾಕ್ಟರ್ ಮಠದ.

ಶಿವಲೀಲಾಳ ತಾಯಿ ತಾಯವ್ವ ಎದೆ ಬಡಿದುಕೊಂಡಳು. “ಇಷ್ಟ ಸಣ್ಣ ಕೂಸಿಗೆ ಕತ್ರಿ ಹಾಕ್ತೀರೇನ್ರೀ ಯಪ್ಪಾ!”

ಆಪರೇಷನ್ ಆಗುವಾಗ ನಾನು ಒಳಗೇ ಇದ್ದೆ. ಮೇಲಿನ ಕರುಳು ಊದಿಕೊಂಡಿದೆ, ಕೆಳಗಿನದು ಶಾವಿಗೆಯಷ್ಟೇ ಇದೆ ಎಂದು ಡಾಕ್ಟರು ಹೇಳುವುದು ಕೇಳಿಸಿತು. ಅಂತೂ ಎರಡನ್ನೂ ಹೊಲಿದು ಕೂಡಿಸಿದರು.

“ನಳಿಗ್ಯಾಗ ಹಸರು ನಿಂತು, ಕೂಸು ಹೇತ ಮ್ಯಾಲೆ ಹಾಲು. ಅಲ್ಲಿ ತನಕ ಒಂದು ಹನಿ ಸೈತ ಬ್ಯಾಡ,” ಎಂದರು ಡಾಕ್ಟರು.

ಹಸಿರು ನಿಲ್ಲಲೇ ಇಲ್ಲ. ಹಸಿದ ಕೂಸು ಚೀರಿ ಚೀರಿ ದನಿ ಕಳೆದುಕೊಂಡಿತು. ಶಿವಲೀಲಾಳ ಎದೆಹಾಲು ಸುಮ್ಮನೆ ಸೀರೆ ತೋಯಿಸುತ್ತಿತ್ತು. ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ತಾಯವ್ವ ಮಾತ್ರ ಕೂಸಿನ ಆಸೆಯನ್ನೇ ಬಿಟ್ಟಿದ್ದಳು. ಹೋಗುವ ಜೀವಕ್ಕೆ ಬಾಯಿಗೆ ನೀರು ಬಿಡದೆ ಕಳಿಸುವುದು ಅವರಲ್ಲಿ ಪಾಪ. ಸೆರಗನ್ನು ಸಕ್ಕರೆ ನೀರಿನಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಂಡಿಯೇಬಿಟ್ಟಳು.

ಅಯ್ಯೋ ಮುದುಕಿ! ಒಳಗೆ ಹೊಲಿಗೆ ಇನ್ನೂ ಹಸಿಯಾಗಿದೆ! ಬಿದ್ದಷ್ಟನ್ನೂ ಹಿಡಿದು ಹೊರಕ್ಕೆ ಹರಿಸಿದೆ. ಚೀಲದಲ್ಲಿ ತೆಳು ನೀರು ಕಂಡು ಫಿಲೋಮಿನಾ ಕೆಂಡವಾದರು. “ಏನ್ ಕುಡಿಸಿದ್ರಿ ಅಜ್ಜೀ?”

“ಕಡೀ ನೀರು ಬಿಟ್ಟೇನ್ರೀ,” ಎಂದು ತಾಯವ್ವ ಮುಖ ಮುಚ್ಚಿಕೊಂಡಳು.

ಶಿವಲೀಲಾ ಗೋಡೆಯಿಂದ ಗಕ್ಕನೆ ತಿರುಗಿದಳು. “ನನ ಕೂಸು ಇನ್ನಾ ಉಸರಾಡಾಕತ್ತೈತಿ, ಯವ್ವಾ!”

ಆಮೇಲೆ ತಾಯವ್ವ ಅನ್ನ ನೀರು ಬಿಟ್ಟು ನನ್ನನ್ನೇ ನೋಡುತ್ತ ಕೂತಳು. ಅವಳ ಕಣ್ಣೆದುರು ಹಸಿರು ಹೊರಹಾಕುವುದೆಂದರೆ ನನಗೆ ನಾಚಿಕೆಯಾಗುತ್ತಿತ್ತು. ಏನು ಮಾಡಲಿ, ಇದ್ದದ್ದನ್ನೇ ತಾನೇ ತರಬೇಕು? ಮೆಲ್ಲಗೆ ಹಸಿರು ತಿಳಿಯಾಯಿತು. ಒಂದು ಮುಂಜಾನೆ ಚೀಲ ಬರಿದಾಗಿಯೇ ಉಳಿಯಿತು. ಅಷ್ಟರಲ್ಲಿ ತಾಯವ್ವ ಕೂಸಿನ ಬಟ್ಟೆ ಬಿಚ್ಚಿ ನೋಡಿ ವಾರ್ಡೇ ಎದ್ದು ಕೂರುವಂತೆ ಕೂಗಿದಳು:

“ಹೇತೈತ್ರೀ! ನನ ಮೊಮ್ಮಗ ಹೇತಾನ್ರೀ!”

ಡಾಕ್ಟರು ಬಂದು ನೋಡಿ, ಇನ್ನು ಹಾಲು ಕೊಡಬಹುದೆಂದು ತಲೆಯಾಡಿಸಿದರು. ಫಿಲೋಮಿನಾ ನನ್ನನ್ನು ಎಳೆದು ಕಸದ ಕೆಂಪು ಬಕೆಟ್ಟಿಗೆ ಹಾಕಿದರು. ಕಸ ಒಯ್ಯುವ ಗಾಡಿ ಇನ್ನೇನು ಬರುತ್ತದೆ. ಕೂಸು ಚಪ್ಪರಿಸಿ ಹಾಲು ಕುಡಿಯುವ ಸದ್ದು ಇಲ್ಲಿಗೂ ಕೇಳುತ್ತಿದೆ. ಅದರಲ್ಲಿ ಒಂದು ಹನಿಯೂ ನನ್ನ ಪಾಲಿಗೆ ಬರುವುದಿಲ್ಲ. ಇನ್ನೇನು ಬೇಕು ನನಗೆ?