ನಲವತ್ತೆಂಟು ಹಲ್ಲಿನ ಚಕ್ರ

ನನ್ನನ್ನು ನೋಡಿದವರು ಮೊದಲು ಕೇಳುವುದು ನಾನು ಎಷ್ಟು ಭಾರ ಇದ್ದೇನೆ ಅಂತ. ಏನು ಮಾಡಬಲ್ಲೆ ಅಂತ ಕೇಳುವವರು ಕಡಿಮೆ. ಅದಕ್ಕೆ ನಾನೇ ಹೇಳಿಬಿಡುತ್ತೇನೆ. ನಾನು ಮಿಲ್ಲಿಂಗ್ ಯಂತ್ರ. ತಿರುಗುವ ಕಟರಿನಿಂದ ಕಬ್ಬಿಣವನ್ನು ಕೂದಲೆಳೆಯಷ್ಟೇ ಕೆತ್ತುತ್ತ ಅದಕ್ಕೆ ಅಳತೆ ಕೊಡುವುದು ನನ್ನ ಕಸುಬು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕರಗಿದ ಬೀಡುಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನನ್ನ ಮೈ ಮೂಡಿತು. ಹುಟ್ಟಿದ ಕೂಡಲೇ ಯಾರೂ ನನ್ನನ್ನು ಕೆಲಸಕ್ಕೆ ಹಚ್ಚಲಿಲ್ಲ. ಆರು ತಿಂಗಳು ಅಂಗಳದಲ್ಲಿ ಬಿಸಿಲಿಗೂ ಮಳೆಗೂ ಬಿಟ್ಟರು. ಒಳಗಿನ ಸೆಡವು ಇಳಿಯದ ಎರಕ ಮುಂದೆ ಸೊಟ್ಟಗಾಗುತ್ತದಂತೆ. ನನ್ನ ಸೆಡವು ಪೂರ್ತಿ ಇಳಿಯಿತು ಅಂತ ನಾನೇನೂ ಹೇಳುವುದಿಲ್ಲ.

ಅಲ್ಲಿಂದ ಹುಬ್ಬಳ್ಳಿಯ ಒಂದು ಪಂಪು ಕಾರ್ಖಾನೆಗೆ ಬಂದೆ. ಮೌಲಾಸಾಬ ನದಾಫ ಎಂಬ ಆಪರೇಟರು ಇಪ್ಪತ್ತೆಂಟು ವರ್ಷ ನನ್ನ ಮುಂದೆ ನಿಂತು ಕೆಲಸ ಮಾಡಿದರು. ಅವರದು ಒಂದೇ ಹಟ. ಕೆಲಸವನ್ನು ಒಮ್ಮೆ ಅಳತೆಗೆ ಕೂರಿಸಿದ ಮೇಲೆ ಅದು ಮುಗಿಯುವವರೆಗೆ ಬಿಚ್ಚಬಾರದು, ಅಲುಗಿಸಬಾರದು. ಊಟಕ್ಕೆ ಹೋಗುವಾಗಲೂ ನನ್ನ ಹಿಡಿಕೆಗಳಿಗೆ ಬಟ್ಟೆ ಕಟ್ಟಿ, ಯಾರೂ ಮುಟ್ಟಬೇಡಿ ಅಂತ ಸುತ್ತಲಿನವರಿಗೆ ಹೇಳಿಯೇ ಹೋಗುತ್ತಿದ್ದರು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಸುಖವಾಗಿದ್ದೇನೆ ಅಂತ ಆಗ ಗೊತ್ತಿರಲಿಲ್ಲ, ಅಷ್ಟೇ.

ಕಾರ್ಖಾನೆ ಮುಚ್ಚಿತು. ಮೌಲಾಸಾಬರು ಮನೆ ಸೇರಿದರು, ನಾನು ಗುಜರಿಯವನ ಅಂಗಳ ಸೇರಿದೆ. ನನ್ನನ್ನು ಒಡೆದು ಮತ್ತೆ ಕರಗಿಸುವ ಮಾತು ನಡೆದಿದ್ದಾಗ ಬೆಟಗೇರಿಯಿಂದ ಒಬ್ಬ ಬಂದು ನನ್ನ ಸುತ್ತ ಮೂರು ಸಲ ತಿರುಗಿದ. ಅವನೇ ಫಕ್ಕೀರಪ್ಪ. ಪೋಸ್ಟ್ ಆಫೀಸಿನಲ್ಲಿ ಗುಮಾಸ್ತ. ವೆಲ್ಡಿಂಗು ಅವನ ಹುಚ್ಚು. ರವಿವಾರ ಬಂದರೆ ಓಣಿಯವರ ಗೇಟು, ಹೂಕುಂಡದ ಸ್ಟ್ಯಾಂಡು, ಮುರಿದ ಮಂಚದ ಕಾಲು ಎಲ್ಲ ಅವನ ತಗಡಿನ ಶೆಡ್ಡಿಗೆ ಬರುತ್ತಿದ್ದವು. ಅವನು ನನ್ನನ್ನು ಉಳಿಸಿದ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದೆ ಹೇಳುವುದೆಲ್ಲ ಅವನ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ.

ನನ್ನನ್ನು ಯಾಕೆ ತಂದ ಅಂದರೆ, ಅವನಿಗೊಬ್ಬಳು ಅಕ್ಕ, ನೀಲವ್ವ. ತಾಯಿ ಸತ್ತ ಮೇಲೆ ಇವನನ್ನು ಎತ್ತಿ ಆಡಿಸಿ ಓದಿಸಿದವಳು ಆಕೆಯೇ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಒಂದು ಶ್ಯಾವಿಗೆ ಮಷೀನು ಇಟ್ಟುಕೊಂಡಿದ್ದಳು. ಬೇಸಿಗೆಯಲ್ಲಿ ಹೆಂಗಸರು ರವೆ ಹೊತ್ತು ಅವಳ ಬಾಗಿಲಲ್ಲಿ ಸಾಲು ಹಚ್ಚುತ್ತಿದ್ದರು. ವರ್ಷದ ಅನ್ನ ಆ ಮೂರು ತಿಂಗಳಲ್ಲಿ ಹುಟ್ಟಬೇಕು. ಹೋಳಿಹುಣ್ಣಿಮೆಗೆ ಮುಂಚೆ ಆ ಮಷೀನಿನ ದೊಡ್ಡ ಹಲ್ಲಿನ ಚಕ್ರ ಮುರಿಯಿತು. ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಫಕ್ಕೀರಪ್ಪ ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ, ಉಜ್ಜಿ ಕೊಟ್ಟ. ಎರಡು ದಿನ ಬಾಳಿತು. ಮತ್ತೆ ತುಂಬಿದ, ಮತ್ತೆ ಮುರಿಯಿತು. ವರ್ಕ್‌ಶಾಪಿನವರು ಒಂದೇ ಚಕ್ರಕ್ಕಾಗಿ ಮಷೀನು ಸೆಟ್ ಮಾಡುವುದಿಲ್ಲ ಅಂದರು. ನೀಲವ್ವ ಕಿವಿಯ ಬೆಂಡೋಲೆ ಮಾರಿ ಹೊಸ ಮಷೀನು ತರುತ್ತೇನೆ ಅಂತ ಹೊರಟಿದ್ದಳು. ಇವನು ತಡೆದ.

“ನಾ ಇದ್ದೀನಲ್ಲಬೇ ಅಕ್ಕಾ. ಗೇರು ನಾನ ಮಾಡಿಕೊಡ್ತೀನಿ, ಬೆಂಡೋಲಿ ಮುಟ್ಟಬ್ಯಾಡ.”

ಈ ಮಾತು ಆಡಿದ ವಾರಕ್ಕೆ ನಾನು ಆ ಶೆಡ್ಡಿನಲ್ಲಿ ಇದ್ದೆ. ನನಗೆ ಮನೆ ಕರೆಂಟಿಗೆ ಒಗ್ಗುವ ಮೋಟರು ಹಾಕಿಸಿದ. ಹುಬ್ಬಳ್ಳಿಯಲ್ಲಿ ಮೌಲಾಸಾಬರನ್ನು ಹುಡುಕಿ ಗುರು ಮಾಡಿಕೊಂಡ. ತಾವೇ ಕೆಲಸ ಮಾಡುವಷ್ಟು ಬಿಗಿ ಅವರ ಕೈಯಲ್ಲಿ ಉಳಿದಿರಲಿಲ್ಲ. ಬಂದವರೇ ನನ್ನ ಮೇಜನ್ನು ಬಟ್ಟೆಯಿಂದ ಒರೆಸಿದರು. ನನಗೆ ಮಾತು ಬಂದಿದ್ದರೆ ಆಗ ಏನಾದರೂ ಹೇಳುತ್ತಿದ್ದೆ.

ಫಕ್ಕೀರಪ್ಪನಿಗೆ ಕಲಿಯುವ ಆಸೆ ಬೆಟ್ಟದಷ್ಟು, ತಾಳ್ಮೆ ಸಾಸಿವೆಯಷ್ಟು. ವೆಲ್ಡಿಂಗಿನವರ ಬುದ್ಧಿಯೇ ಹಾಗೆ. ಹೆಚ್ಚಾದರೆ ಉಜ್ಜುತ್ತಾರೆ, ಕಡಿಮೆಯಾದರೆ ತುಂಬುತ್ತಾರೆ. ನನ್ನ ಹತ್ತಿರ ತುಂಬುವ ಮಾತೇ ಇಲ್ಲ, ಕೆತ್ತಿದ್ದು ಹೋಯಿತು. ಚಕ್ರಕ್ಕೆ ನಲವತ್ತೆಂಟು ಹಲ್ಲು. ಎರಡು ಹಲ್ಲಿನ ನಡುವಿನ ಒಂದು ಸಂದಿ ಕಡಿದ ಮೇಲೆ, ಚಕ್ರ ತಿರುಗಿಸುವ ಹಿಡಿಕೆಯ ಮೊಳೆಯನ್ನು ತೂತಿನ ತಟ್ಟೆಯ ಮೇಲೆ ಹದಿನೈದು ತೂತು ಎಣಿಸಿ ಮುಂದೆ ಕೂರಿಸಬೇಕು, ಆಗ ಚಕ್ರ ಸರಿಯಾಗಿ ಒಂದು ಹಲ್ಲಿನಷ್ಟು ತಿರುಗುತ್ತದೆ. ಇವನು ಪೋಸ್ಟಿನಲ್ಲಿ ಕಾಗದ ಎಣಿಸಿದ ಹಾಗೆ, ಮೊಳೆ ನಿಂತ ತೂತನ್ನೇ ಒಂದು ಅಂತ ಎಣಿಸಿದ. ಪ್ರತಿ ಸಲ ಒಂದು ತೂತು ಕಡಿಮೆ. ಸುತ್ತು ಮುಗಿದಾಗ ಹಲ್ಲು ಐವತ್ತೊಂದಾಗಿ, ಕೊನೆಯಲ್ಲಿ ಒಂದು ಅರ್ಧ ಹಲ್ಲು ಅಣಕಿಸುತ್ತ ನಿಂತಿತ್ತು. ಮೌಲಾಸಾಬರು ಬೈಯಲಿಲ್ಲ. ನಿಂತ ತೂತು ಎಣಿಸಬಾರದು ಅಂದರು. ಮತ್ತೆ ತಮ್ಮ ಹಳೆಯ ಪಾಠವನ್ನೂ ಹೇಳಿದರು, ಮುಗಿಯುವ ತನಕ ಸೆಟ್ ಅಲುಗಿಸಬಾರದು. ಅವನು ಎರಡನ್ನೂ ಗೋಡೆಯ ಮೇಲೆ ಬರೆದುಕೊಂಡ.

ಲೇತ್ ಕೆಲಸದ ಟರ್ನರನ ಹತ್ತಿರ ಹೊಸ ಉಕ್ಕಿನ ಬಿಲ್ಲೆ ಮಾಡಿಸಿ ತರುವಷ್ಟರಲ್ಲಿ ಯುಗಾದಿ ದಾಟಿತು. ಹೆಂಗಸರು ರವೆಯ ಡಬ್ಬಿ ಹೊತ್ತು ಬಂದು ತಿರುಗಿ ಹೋಗುತ್ತಿದ್ದರು. ಹಿಂದಿನ ಓಣಿಯಲ್ಲಿ ಯಾರೋ ಹೊಸ ಮಷೀನು ಹಾಕಿದ್ದಾರೆ ಅಂತ ನೀಲವ್ವ ಬಂದು ಹೇಳಿದಳು. ಇನ್ನೊಂದು ವಾರ ಅಂದ ಇವನು. ಆಕೆ ನಂಬಿ ಹೋದಳು.

ಆ ರವಿವಾರ ಕೆಲಸ ಬೆಣ್ಣೆಯಂತೆ ಸಾಗಿತು. ಇಷ್ಟು ವರ್ಷದ ಮೇಲೆ ನನಗೂ ಹುರುಪು ಬಂದಿತ್ತು. ನಲವತ್ತೊಂದು ಸಂದಿ ಕಡಿದೆವು, ಎಲ್ಲ ಒಂದೇ ಅಚ್ಚು. ಅಷ್ಟರಲ್ಲಿ ಯಾರೋ ತಮ್ಮ ಗೇಟಿನ ಬಗ್ಗೆ ಕೇಳಲು ಬಂದರು. ಮಾತು ಮುಗಿಸಿ ತಿರುಗಿದವನು ಹತ್ತೇ ತೂತು ತಿರುಗಿಸಿ ಕಟರು ಕೊಟ್ಟ. ಉಳಿಯಬೇಕಾದ ಹಲ್ಲಿನ ಪಕ್ಕೆಯೇ ಹಾರಿಹೋಯಿತು.

ಅವನು ಹಾರಿದ ಜಾಗವನ್ನು ಬೆರಳಿನಿಂದ ತಡವಿದ. ಆಮೇಲೆ ವೆಲ್ಡಿಂಗ್ ಸೆಟ್ಟನ್ನು ಹತ್ತಿರ ಎಳೆದ. ಹಲ್ಲು ತುಂಬಿ ಮತ್ತೆ ಕಡಿದರಾಯಿತು ಅಂತ ಅವನ ಲೆಕ್ಕ. ಚಕ್ರ ಬಿಚ್ಚಿದರೆ ಅಳತೆ ತಪ್ಪುತ್ತದೆ, ಉಸ್ತಾದರು ಅಲುಗಿಸಬಾರದು ಅಂದಿದ್ದಾರೆ. ಅದಕ್ಕೆ ಚಕ್ರ ನನ್ನ ಮೇಲೇ ಇರಲಿ ಅಂತ, ಅದು ಮಿಸುಕದಂತೆ ಕಟರನ್ನು ಹಿಂದಿನ ಒಂದು ಸಂದಿಯಲ್ಲಿ ಬಿಗಿಯಾಗಿ ಕೂರಿಸಿದ. ವೆಲ್ಡಿಂಗಿನ ಕರೆಂಟು ತಿರುಗಿ ಹೋಗುವ ಅರ್ಥಿಂಗ್ ಕ್ಲಾಂಪನ್ನು ನನ್ನ ಕಂಬದ ಬುಡಕ್ಕೆ ಕಚ್ಚಿಸಿದ. ಕಿಡಿ ಹೊತ್ತಿತು. ಕರೆಂಟಿಗೆ ಕ್ಲಾಂಪು ಸೇರಲು ದಾರಿ ಬೇಕಲ್ಲ. ಅದು ಕಟರು ಹತ್ತಿ, ಕಟರಿನ ದಂಡ ಹಿಡಿದು, ನನ್ನ ಬೇರಿಂಗುಗಳ ಒಳಗೆ ಹಾಯ್ದು ಇಳಿಯಿತು. ಅವುಗಳೊಳಗಿನ ಒಂದೊಂದು ಉಕ್ಕಿನ ಗುಂಡಿನ ಮೇಲೂ ಸಿಡುಬಿನ ಕಲೆ ಬಿತ್ತು. ಹೊರಗೆ ಏನೂ ಕಾಣಲಿಲ್ಲ. ಅವನು ಶಿಳ್ಳೆ ಹಾಕುತ್ತಿದ್ದ.

ತಿರುಗಿ ಗುಂಡಿ ಒತ್ತಿದಾಗ ನಾನು ಗುರುಗುಟ್ಟಿದೆ. ಕಟರು ನಡುಗಿತು. ಅವನು ತುಂಬಿದ ಹಲ್ಲು ಕಲ್ಲಿನಂತಾಗಿತ್ತು, ಅದಕ್ಕೆ ತಾಗಿ ಕಟರಿನ ಅಂಚು ಉದುರಿತು, ಅದರ ಪಕ್ಕದ ಎರಡು ಹಲ್ಲುಗಳನ್ನೂ ನಾನೇ ಹಾಳು ಮಾಡಿದೆ. ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲುವುದು ನನ್ನ ಕೈಯಲ್ಲಿಲ್ಲ.

ಮರುದಿನ ಮೌಲಾಸಾಬರು ಬಂದರು. ಸ್ಕ್ರೂಡ್ರೈವರಿನ ತುದಿ ನನಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಕೇಳಿದ ಮೇಲೆ ಕ್ಲಾಂಪು ಎಲ್ಲಿ ಹಾಕಿದ್ದಿರಿ ಅಂತ ಮಾತ್ರ ವಿಚಾರಿಸಿದರು.

“ಸೆಟ್ ಅಲಗಾಡಿಸಬ್ಯಾಡ ಅಂತ ನೀವ ಹೇಳಿದ್ರಲ್ರೀ ಉಸ್ತಾದ್ರ,” ಅಂದ ಫಕ್ಕೀರಪ್ಪ.

“ಹೇಳಿದ್ದೆ,” ಅಂದರು ಮೌಲಾಸಾಬರು. “ಇಪ್ಪತ್ತೆಂಟು ವರ್ಷ ಇದರ ಮುಂದ ನಿಂತ್ರೂ, ಇದರ ಮ್ಯಾಲ ವೆಲ್ಡಿಂಗ್ ಹಚ್ಚಬ್ಯಾಡ್ರಿ ಅಂತ ಹೇಳೂ ಪ್ರಸಂಗ ಬಂದಿರಲಿಲ್ಲರಿ ಸಾಹೇಬ್ರ.”

ನನ್ನ ಬೇರಿಂಗುಗಳು ಹಾಳಾಗಿದ್ದವು, ಆ ಅಳತೆಯವನ್ನು ಈಗ ಯಾರೂ ಮಾಡುವುದಿಲ್ಲ. ಇವನು ಎರಡು ರಜೆ ಹಾಕಿ ಬೆಳಗಾವಿ ತಿರುಗಿ ಬರಿಗೈಯಲ್ಲಿ ಬಂದ. ಮೌಲಾಸಾಬರು ಮತ್ತೆ ಈ ಕಡೆ ಬರಲಿಲ್ಲ.

ಮುಂಗಾರಿನ ಮಿರಗದ ಮಳೆ ಹಿಡಿಯಿತು. ಮೋಡ ಕವಿದ ಮೇಲೆ ಶ್ಯಾವಿಗೆ ಒಣಗುವುದಿಲ್ಲ, ಆ ವರ್ಷದ ಕಾಲ ಮುಗಿದ ಹಾಗೆ. ಗಿರಾಕಿಗಳು ಹಿಂದಿನ ಓಣಿಗೇ ಒಗ್ಗಿದ್ದರು. ನೀಲವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿದಳು. ಒಂದು ಮಧ್ಯಾಹ್ನ ಕೈಗಾಡಿಯಲ್ಲಿ ತನ್ನ ಮಷೀನು ಹಾಕಿಸಿಕೊಂಡು ಬಂದಳು. ಗುಜರಿಯವನು ಇಡಿಯಾಗಿ ಒಯ್ಯುವುದಿಲ್ಲವಂತೆ, ತುಂಡು ಮಾಡಿಕೊಡಬೇಕಂತೆ. ಅದಕ್ಕೆ ತಮ್ಮನನ್ನು ಬಿಟ್ಟು ಆಕೆಗೆ ಇನ್ಯಾರಿದ್ದಾರೆ?

ಅದನ್ನು ನನ್ನ ಮೇಜಿನ ಮೇಲೆಯೇ ಎತ್ತಿ ಇಟ್ಟರು. ನಾನು ಅದನ್ನು ನೋಡಿದ್ದು ಅದೇ ಮೊದಲು. ಪುಟ್ಟ ಮಷೀನು, ಮೈಗೆಲ್ಲ ಒಣಗಿದ ಹಿಟ್ಟು. ಪಕ್ಕದಲ್ಲಿ ಒಂದು ಬೋಳು ದಂಡ, ನಮ್ಮ ಚಕ್ರ ಕೂರಬೇಕಾಗಿದ್ದ ಜಾಗ. ಫಕ್ಕೀರಪ್ಪ ಕಬ್ಬಿಣ ಕೊಯ್ಯುವ ಗ್ರೈಂಡರು ಕೈಗೆತ್ತಿಕೊಂಡು ನಿಂತ. ನೀಲವ್ವ ಹೊಸ್ತಿಲ ಮೇಲೆ ಕೂತಿದ್ದಳು.

“ನನ್ನ ಕಡೆ ಆಗಂಗಿಲ್ಲ ಅಂತ ಅವತ್ತ ಒಂದ ಮಾತ ಅಂದಿದ್ರ, ನಾ ಬ್ಯಾರೆ ತರ್ತಿದ್ದೆ ತಮ್ಮಾ,” ಅಂದಳು. ಸಿಟ್ಟಿನಿಂದ ಅಂದದ್ದಲ್ಲ.

ಅವನು ಗ್ರೈಂಡರು ಚಾಲೂ ಮಾಡಿದ. ಆರು ತುಂಡಾಯಿತು. ದಂಡವಿದ್ದ ತುಂಡನ್ನು ನೀಲವ್ವ ಸೆರಗಿನಿಂದ ಒರೆಸಿ ಗಾಡಿಗೆ ಹಾಕಿದಳು.

ನಾನು ಈಗಲೂ ಈ ಶೆಡ್ಡಿನಲ್ಲೇ ಇದ್ದೇನೆ. ಫಕ್ಕೀರಪ್ಪ ಈ ಕಡೆ ಬರುವುದು ಕಡಿಮೆ. ನಾನು ಕೆತ್ತಿದ ಭಾಗಗಳಿಂದ ಎಷ್ಟು ಸಾವಿರ ಪಂಪುಗಳು ನೀರೆತ್ತಿದವೋ, ಅವು ಯಾರವೋ ನನಗೆ ತಿಳಿಯದು. ಹೆಸರೂ ಮುಖವೂ ಗೊತ್ತಿದ್ದವಳು ಒಬ್ಬಳೇ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಚಕ್ರ.