ಕೆಳಗಿನ ಮನೆಯ ಬೈಗುಳ

ಗಂಡನ ಜೊತೆ ಪರದೇಶಕ್ಕೆ ಹೋದ ಹೊಸದರಲ್ಲಿ ಹೊಲಿಗೆಯಕ್ಕನಿಗೆ ಅಲ್ಲಿಯ ಭಾಷೆಯಲ್ಲಿ ಬರುತ್ತಿದ್ದದ್ದು ‘ಬಿಗಿ’, ‘ಸಡಿಲ’ ಎಂಬ ಎರಡೇ ಮಾತು. ಹಳೆ ಬಟ್ಟೆ ಸರಿಪಡಿಸಿಕೊಡುವ ಅವಳ ಅಂಗಡಿಗೆ ಅಷ್ಟು ಸಾಕಾಗಿತ್ತು. ಉಳಿದದ್ದನ್ನೆಲ್ಲ ಕಲಿಸಿದವಳು ಕೆಳಗಿನ ಮನೆಯ ಮುದುಕಿ, ಅದೂ ಬೈದು ಬೈದು. ಮೆಟ್ಟಿಲ ಮೇಲೆ ನೀರು ಚೆಲ್ಲಿದರೆ ಬೈಗುಳ, ಸಂಜೆ ಹೊಲಿಗೆ ಮೆಷಿನ್ ಸದ್ದು ಮಾಡಿದರೆ ಬೈಗುಳ. ಸದ್ದು ಕೇಳಿಸದಿದ್ದರೆ ‘ಏನು, ಹುಷಾರಿಲ್ವಾ?’ ಎಂದು ಬಾಗಿಲು ತಟ್ಟಿ ಇನ್ನೊಂದು ಸುತ್ತು. ಹೊಲಿಗೆಯಕ್ಕನ ಗಂಡ ತೀರಿಕೊಂಡಾಗ ಮಾತ್ರ ತುಟಿ ಪಿಟಕ್ಕೆನ್ನದೆ ಬಂದು, ಪಾತ್ರೆ ತೊಳೆದು, ನೆಲ ಒರೆಸಿದಳು. ಹೋಗುವಾಗ ತಡೆಯಲಾಗಲಿಲ್ಲ. ‘ಈ ಬಚ್ಚಲು ಎಂಥ ಗಲೀಜು!’ ಅಂದಳು. ಅಲ್ಲಿಯವರೆಗೂ ಕಲ್ಲಿನಂತೆ ಕೂತಿದ್ದ ಹೊಲಿಗೆಯಕ್ಕ ಆಗ ಅವಳ ಹೆಗಲ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು.

ಇಷ್ಟಾದರೂ ‘ನಮ್ಮೂರು’ ಅಂದರೆ ಅವಳಿಗೆ ಹುಟ್ಟಿದ ಊರೇ. ಇಸ್ತ್ರಿ ಹಾಕುವಾಗಲೆಲ್ಲ ಆ ಬೀದಿಯ ಮೂಲೆಯ ನಲ್ಲಿ, ತಮ್ಮನ ಜೊತೆ ಕೊಡಕ್ಕಾಗಿ ಆಡಿದ ಜಗಳ ನೆನಪಾಗುತ್ತಿದ್ದವು. ಕಣ್ಣು ಮಂಜಾಗತೊಡಗಿದ ಮೇಲೆ ತಮ್ಮ ಫೋನಿನಲ್ಲಿ ಬೆನ್ನು ಹತ್ತಿದ. ‘ಇನ್ನೆಷ್ಟು ದಿನ ಅಲ್ಲಿ ಒಬ್ಬಳೇ ಇರ್ತೀಯ ಅಕ್ಕಾ? ಬಂದ್ಬಿಡು.’ ಮನೆ ಖಾಲಿ ಮಾಡುವುದು ಆಮೇಲಾಯಿತೆಂದು ಬೀಗದ ಕೈ ಮುದುಕಿಗೆ ಕೊಟ್ಟು ಹೊರಟುಬಂದಳು.

ತಮ್ಮನ ಮನೆಯಲ್ಲಿ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಗಾಳಿ ಬರುವ ಕೋಣೆ, ಹೊಸ ಹಾಸಿಗೆ. ಉಂಡ ತಟ್ಟೆ ಎತ್ತಲು ಹೋದರೆ ತಮ್ಮನ ಹೆಂಡತಿ ಓಡಿಬಂದು, ‘ಅಯ್ಯೋ ಬಿಡಿ ಅತ್ತಿಗೆ, ನೀವು ಕೂತ್ಕೊಳ್ಳಿ’ ಅನ್ನುವಳು. ಒಳಗೆ ಗಂಡ ಹೆಂಡತಿಯ ವಾಗ್ವಾದ ಜೋರಾಗಿದ್ದರೂ ಇವಳು ಹೊಸ್ತಿಲಿಗೆ ಬಂದೊಡನೆ ಇಬ್ಬರದೂ ನಗುಮುಖ. ‘ಟಪಾಲು ಬಂತೇನೇ?’ ಎಂದು ಕೇಳಿದ್ದಕ್ಕೆ ತಮ್ಮನ ಮಗಳು ಬಿದ್ದು ಬಿದ್ದು ನಕ್ಕಳು. ‘ಟಪಾಲಾ? ಈಗ ಯಾರು ಹಾಗಂತಾರೆ ಅತ್ತೆ!’ ನಲ್ಲಿಯಿದ್ದ ಮೂಲೆ ಹುಡುಕಿಕೊಂಡು ಹೋದರೆ ಅಲ್ಲಿ ಗಾಜಿನ ಅಂಗಡಿಗಳು. ದಾರಿ ತೋರಿಸಿದವನು ಮರ್ಯಾದೆಯಿಂದಲೇ ಕೇಳಿದ, ‘ಯಾವೂರಮ್ಮ ನಿಮ್ದು?’

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅವಳ ಬಾಯಿಂದ ಜಾರಿತು: ‘ಈ ಹೊತ್ತಿಗೆ ನಮ್ಮನೆ ಕಿಟಕಿಗೆ ಬಿಸಿಲು ಬಂದಿರುತ್ತೆ.’

ತಮ್ಮ ಪೇಪರ್ ಮಡಿಸಿದ. ‘ಯಾವ ಮನೆ ಅಕ್ಕ?’

ಅವಳು ಕಾಫಿ ಲೋಟ ಕೆಳಗಿಟ್ಟಳು.

‘ನಮ್ಮಿಂದ ಏನಾದ್ರೂ ತಪ್ಪಾಯ್ತಾ?’

‘ತಪ್ಪೇ ಆಗ್ತಿಲ್ವಲ್ಲೋ! ಚಿಕ್ಕವನಿದ್ದಾಗ ನನ್ನ ಜಡೆ ಹಿಡಿದು ಎಳೀತಿದ್ದೆ. ಈಗ ಕೂತ ಕಡೆಗೇ ನೀರು ತಂದ್ಕೊಡ್ತೀಯ. ನಾನು ನೆಂಟರ ಪೈಕಿ ಆಗ್ಬಿಟ್ಟೆ ಕಣೋ. ಅಲ್ಲಿ ಕೆಳಗಿನ ಮನೆ ಮುದುಕಿಯಾದ್ರೂ ಬಾಯ್ತುಂಬ ಬೈತಾಳೆ.’

ತಮ್ಮನಿಗೆ ರೇಗಿತು. ‘ಹಾಗಾದ್ರೆ ಹೋಗು! ಆ ಮುದುಕಿಗೋಸ್ಕರ ಒಡಹುಟ್ಟಿದವನನ್ನ ಬಿಟ್ಟು ಹೋಗು! ಮೊದಲಿಂದ್ಲೂ ನಿನ್ನದು ಮೊಂಡಾಟವೇ!’

ಬಂದಾಗಿನಿಂದ ಅವನು ಕೂಗಾಡಿದ್ದು ಅದೇ ಮೊದಲು. ಅವಳ ಹೊಟ್ಟೆ ತಣ್ಣಗಾಯಿತು. ಇನ್ನೊಂದಿಷ್ಟು ಕೂಗಾಡಿದ್ದರೆ ಉಳಿದೇಬಿಡುತ್ತಿದ್ದಳೋ ಏನೋ. ಆದರೆ ಸಂಜೆ ಅವನು ತಲೆ ತಗ್ಗಿಸಿ ಬಂದು, ‘ಕ್ಷಮಿಸಕ್ಕ, ಹಾಗೆ ಮಾತಾಡಬಾರದಿತ್ತು’ ಅಂದ. ಅವಳು ಅವನ ಬೆನ್ನು ನೇವರಿಸಿದಳು. ಮರುದಿನ ಟಿಕೆಟ್ ಮಾಡಿಸಲು ಹೇಳಿದಳು.

ಹೊರಡುವ ದಿನ ತಮ್ಮನ ಹೆಂಡತಿ ಕಣ್ಣೊರೆಸಿಕೊಂಡಳು. ತಮ್ಮ ಪೆಟ್ಟಿಗೆ ಹೊತ್ತು ನಡೆದನೇ ಹೊರತು ಮಾತಾಡಲಿಲ್ಲ. ಎಷ್ಟೋ ತಿಂಗಳು ಫೋನಿನಲ್ಲೂ ಹೂಂ, ಉಹೂಂ ಅಷ್ಟೇ. ಅದೊಂದು ನೋವು ಅವಳೊಳಗೆ ಕೂತೇ ಇತ್ತು.

ಅವಳು ವಾಪಸಾಗಿ ಅಂಗಡಿ ತೆರೆದ ಮೊದಲ ದಿನವೇ ಹಳೆಯ ಗಿರಾಕಿಯೊಬ್ಬ ತೋಳು ಹರಿದ ಕೋಟು ತಂದ. ‘ಇಷ್ಟು ದಿನ ಎಲ್ಲಿ ಹೋಗಿದ್ರಿ?’

‘ತಮ್ಮನ ಮನೆಗೆ,’ ಅಂದಳು ಹೊಲಿಗೆಯಕ್ಕ, ಕೋಟನ್ನು ಬೆಳಕಿಗೆ ಹಿಡಿಯುತ್ತ. ‘ತುಂಬ ಚೆನ್ನಾಗಿ ನೋಡ್ಕೊಂಡ್ರು.’